ಬೆಲ್ಲದ ಬಣ್ಣಕ್ಕೆ ಬೆಲೆ ಕಟ್ಟುವವರೆಗೂ ಹೈಡ್ರೋಸ್ ನಿಲ್ಲುವುದಿಲ್ಲ: ಆಹಾರ ಸುರಕ್ಷತಾ ಆಯುಕ್ತರಿಗೆ ಬಹಿರಂಗ ಪತ್ರ

ಇವರಿಗೆ,
ಆಹಾರ ಸುರಕ್ಷತಾ ಆಯುಕ್ತರು,
ಕರ್ನಾಟಕ ಸರ್ಕಾರ, ಬೆಂಗಳೂರು

ಪ್ರತಿ: ಕೃಷಿ ಮಾರಾಟ ಇಲಾಖೆಯ ನಿರ್ದೇಶಕರು, ಮಂಡ್ಯ ಜಿಲ್ಲಾಧಿಕಾರಿಗಳು

ವಿಷಯ: ಬೆಲ್ಲಕ್ಕೆ ಹೈಡ್ರೋಸ್, ಬಣ್ಣ, ಸಕ್ಕರೆ ಸೇರಿಸುವುದನ್ನು ಮಂಡಿಯಲ್ಲೇ ತಡೆಯುವ ಬಗ್ಗೆ

ಮಾನ್ಯರೇ,

2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಹಾಕುವುದನ್ನು ಸರ್ಕಾರ ನಿಷೇಧಿಸಿತು. ಗೋಬಿಯ 171 ಮಾದರಿಗಳ ಪೈಕಿ 107ರಲ್ಲಿ ಹಾಕಬಾರದ ಬಣ್ಣ ಸಿಕ್ಕಿತ್ತು. ಕ್ರಮ ಸರಿಯಾದದ್ದೇ. ಆದರೆ ಆಗ ಮಾತೆಲ್ಲ ತಳ್ಳುಗಾಡಿಯವನ ಸುತ್ತಲೇ ನಡೆಯಿತು, ಅವನಿಗೆ ಬಣ್ಣದ ಪೊಟ್ಟಣ ಮಾರಿದವರ ಬಗ್ಗೆ ಬಹಳ ಕಡಿಮೆ. ಬೆಲ್ಲದ ವಿಷಯದಲ್ಲೂ ಹೀಗೇ ಆಗುತ್ತಿದೆ. ಆಲೆಮನೆಗೆ ದಾಳಿ, ಬೆಲ್ಲದ ಬಣ್ಣ ತಿಳಿಯಾಗಿಸುವ ಹೈಡ್ರೋಸ್ ಎಂಬ ಬಿಳಿ ಪೌಡರಿನ ಡಬ್ಬ ಜಪ್ತಿ, ಪತ್ರಿಕೆಯಲ್ಲಿ ಫೋಟೊ. ಮುಂದಿನ ವಾರ ಅದೇ ಒಲೆ, ಅದೇ ಕೊಪ್ಪರಿಗೆ, ಹೊಸ ಡಬ್ಬ.

ಆಲೆಮನೆಯವರು ಮುಗ್ಧರೆಂದು ವಾದಿಸುವುದಕ್ಕೆ ಈ ಪತ್ರ ಬರೆಯುತ್ತಿಲ್ಲ. ಹೈಡ್ರೋಸ್ ಹಾಕುವ ಕೈ ಆಲೆಮನೆಯದೇ. ಆದರೆ ಆ ಕೈಗೆ ಕೂಲಿ ಕೊಡುತ್ತಿರುವುದು ಹರಾಜು ಕಟ್ಟೆ. ತಪಾಸಣೆಯ ಮುಖ್ಯ ಜಾಗ ಮಂಡಿಯಾಗಬೇಕು, ಎರಡನೆಯದು ರಾಸಾಯನಿಕದ ಅಂಗಡಿ, ಆಲೆಮನೆ ಮೂರನೆಯದು. ಈಗಿರುವ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಲ್ಲೇ ಇದಕ್ಕೆಲ್ಲ ಅವಕಾಶವಿದೆ, ಹೊಸ ಕಾನೂನು ಬೇಕಿಲ್ಲ.

ಮೊದಲು ಮಂಡಿಯ ಮಾತು. ಅಚ್ಚು, ಕುರಿಕಾಲಚ್ಚು, ಬಕೆಟ್ ಎಂದು ಆಕಾರಕ್ಕೆ ಒಂದೊಂದು ಹೆಸರಿದೆ, ಒಂದೊಂದು ದರವಿದೆ. ಆದರೆ ಒಂದೇ ಆಕಾರದ ಎರಡು ಲಾಟುಗಳ ನಡುವೆ ದರದ ಅಂತರ ತರುವುದು ಬಣ್ಣ. ವರ್ತಕ ಮೂಟೆ ಬಿಚ್ಚಿಸಿ ಒಂದು ಅಚ್ಚು ಮುರಿದು ಬೆಳಕಿಗೆ ಹಿಡಿಯುತ್ತಾನೆ. ಒಳಗೆ ಹಳದಿ ಹೊಳಪು, ಹರಳು, ಮುರಿದಾಗ ಟಕ್ಕೆನ್ನುವ ಗಟ್ಟಿತನ ಇದ್ದರೆ ಕೂಗು ಮೇಲೇರುತ್ತದೆ. ಕಂದು ಬಣ್ಣವಿದ್ದರೆ ಇಳಿಯುತ್ತದೆ. ರುಚಿ ನೋಡುವವರು ಅಪರೂಪ, ಪರೀಕ್ಷಾ ವರದಿ ಕೇಳುವವರು ಇಲ್ಲವೇ ಇಲ್ಲ. ಹರಾಜಿನಲ್ಲಿ ಈ ಪದ್ಧತಿ ಇರುವವರೆಗೂ ಒಂದು ಮುಷ್ಟಿ ಬಿಳಿ ಪೌಡರ್‌ನಷ್ಟು ಲಾಭ ತರುವ ವಸ್ತು ಆಲೆಮನೆಯಲ್ಲಿ ಇನ್ನೊಂದಿಲ್ಲ.

ಬೆಲ್ಲ ಕಪ್ಪಾಗುವುದು ಏಕೆಂದು ತಿಳಿದರೆ ಪೌಡರ್ ಏನನ್ನು ಮುಚ್ಚಿಡುತ್ತಿದೆ ಎಂಬುದು ತಿಳಿಯುತ್ತದೆ. ಬಣ್ಣದ ಕಥೆ ಗದ್ದೆಯಲ್ಲೇ ಶುರು. ಯೂರಿಯಾ ಹೆಚ್ಚಾದರೆ, ಅದರಲ್ಲೂ ತಡವಾಗಿ ಕೊಟ್ಟರೆ, ಕಬ್ಬಿನ ಹಾಲಿನಲ್ಲಿ, ಅಂದರೆ ರಸದಲ್ಲಿ, ಅಮೈನೋ ಆಮ್ಲ ಹೆಚ್ಚುತ್ತದೆ. ಕುದಿಯುವಾಗ ಅದು ಸಕ್ಕರೆಯ ಜೊತೆ ಸೇರಿ ಕಂದು ಬಣ್ಣ ತರುತ್ತದೆ, ಪಾಕವೂ ಸರಿಯಾಗಿ ಗಟ್ಟಿಯಾಗುವುದಿಲ್ಲ. ನಾಲೆ ಬಯಲಿನಲ್ಲಿ ನೀರು ನಿಂತು ಚೌಳಾದ ಗದ್ದೆಯ ಕಬ್ಬಿನ ಬೆಲ್ಲ ಉಪ್ಪುಪ್ಪಾಗಿ, ಮೆತ್ತಗೆ, ಮಬ್ಬಾಗಿ ಬರುತ್ತದೆ. ಕಬ್ಬಿನ ಎಳೆ ತುದಿಯನ್ನು ಸರಿಯಾಗಿ ಕತ್ತರಿಸದೆ ಗಾಣಕ್ಕೆ ಕೊಟ್ಟರೂ ಬಣ್ಣ ಕೆಡುತ್ತದೆ, ಏಕೆಂದರೆ ಆ ಭಾಗದಲ್ಲಿ ಸಕ್ಕರೆ ಕಡಿಮೆ, ಬಣ್ಣ ತರುವ ಫೀನಾಲ್ ಹೆಚ್ಚು.

ಕಟಾವಾದ ಮೇಲೆ ಲೆಕ್ಕ ಗಂಟೆಗಳದ್ದು. ಕಡಿದ 24 ಗಂಟೆಯೊಳಗೆ ಅರೆಯಬೇಕು. ಕೂಲಿಯಾಳು ಸಿಗದೆ, ಟ್ರ್ಯಾಕ್ಟರ್ ಬಾರದೆ ಕಬ್ಬು ಬಿಸಿಲಿನಲ್ಲಿ ಎರಡು ಮೂರು ದಿನ ಬಿದ್ದಿದ್ದರೆ ಅದರೊಳಗಿನ ಸುಕ್ರೋಸ್ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ. ಇಂಥ ಹಾಲಿನ ಪಾಕ ಎಷ್ಟು ಕಾಸಿದರೂ ಹರಳುಗಟ್ಟುವುದಿಲ್ಲ, ಕಾಸಿದಷ್ಟೂ ಕಪ್ಪಾಗುತ್ತದೆ. ಗಾಣವನ್ನು ರಾತ್ರಿ ತೊಳೆಯದೆ ಬಿಟ್ಟರೆ ರೋಲರ್ ಸಂದಿಯಲ್ಲಿ ಲೋಳೆ ಕಟ್ಟುವ ಬ್ಯಾಕ್ಟೀರಿಯಾ ಬೆಳೆದು ಬೆಳಗಿನ ಮೊದಲ ಹಾಲನ್ನೇ ಹುಳಿ ಮಾಡುತ್ತದೆ. ತುಕ್ಕು ಹಿಡಿದ ರೋಲರ್ ಮತ್ತು ಕೊಪ್ಪರಿಗೆಯ ಕಬ್ಬಿಣ ಕಬ್ಬಿನ ಫೀನಾಲ್ ಜೊತೆ ಸೇರಿದರೆ ಕಪ್ಪು ಛಾಯೆ ಬರುತ್ತದೆ.

ಕೊಪ್ಪರಿಗೆಯಲ್ಲಿ ತಪ್ಪುವುದು ಸುಣ್ಣದ ಅಳತೆ. ತಾಜಾ ಹಾಲಿನ ಪಿಎಚ್ (ಹುಳಿಯ ಅಳತೆ, ಅಂಕಿ ಕಡಿಮೆಯಾದಷ್ಟೂ ಹುಳಿ ಹೆಚ್ಚು) 5.2 ರಿಂದ 5.5ರಷ್ಟು ಇರುತ್ತದೆ. ಸುಣ್ಣದ ತಿಳಿ ಹಾಕಿ ಅದನ್ನು 6 ರಿಂದ 6.4ಕ್ಕೆ ತರಬೇಕು. ಕಡಿಮೆಯಾದರೆ ಕುದಿಯುವಾಗ ಸುಕ್ರೋಸ್ ಒಡೆಯುತ್ತದೆ, ಹೆಚ್ಚಾದರೆ ಗ್ಲೂಕೋಸ್ ಸುಟ್ಟಂತಾಗಿ ಬೆಲ್ಲ ಕರ‍್ರಗಾಗುತ್ತದೆ. ಅಳೆಯಲು ಬೇಕಾದದ್ದು ಒಂದು ಪಿಎಚ್ ಕಾಗದದ ಪಟ್ಟಿ. ಹೆಚ್ಚಿನ ಆಲೆಮನೆಗಳಲ್ಲಿ ಅದು ಇಲ್ಲ, ಕೈಯಂದಾಜೇ ನಡೆಯುತ್ತದೆ. ಮಡ್ಡಿ ತೆಗೆಯಲು ಬೆಂಡೆಯ ಕಾಂಡ, ಬೇರು ಜಜ್ಜಿ ನೆನೆಸಿದ ಲೋಳೆ ಹಾಕುವುದು ಹಳೆಯ ಪದ್ಧತಿ. ಆ ಲೋಳೆ ತೇಲುವ ಕಲ್ಮಶವನ್ನು ಹಿಡಿದು ಮೇಲಕ್ಕೆ ತರುತ್ತದೆ. ಕುದಿ ಬರುವ ಮುಂಚಿನ ಆ ಹೊತ್ತಿನಲ್ಲಿ ಜಾಲರಿಯಿಂದ ಮಡ್ಡಿ ಎತ್ತದೆ ಉರಿ ಜೋರು ಮಾಡಿದರೆ ಅದೆಲ್ಲ ಮತ್ತೆ ಹಾಲಿಗೇ ಕರಗುತ್ತದೆ. ಆಮೇಲೆ ಯಾವ ಉಪಾಯಕ್ಕೂ ಬಗ್ಗುವುದಿಲ್ಲ, ಪೌಡರ್ ಒಂದನ್ನು ಬಿಟ್ಟು. ಇನ್ನು ಇಳಿಸುವ ಹದ: ಅಚ್ಚು ಬೆಲ್ಲಕ್ಕೆ 116 ರಿಂದ 118 ಡಿಗ್ರಿ ಸೆಲ್ಸಿಯಸ್, ಪುಡಿ ಬೆಲ್ಲಕ್ಕೆ 120 ರಿಂದ 122, ಜೋನಿ ಬೆಲ್ಲಕ್ಕೆ ಸುಮಾರು 105. ಪಾಕವನ್ನು ನೀರಿಗೆ ಬಿಟ್ಟು ಉಂಡೆ ಕಟ್ಟಿ ನೋಡುವ ಅನುಭವಿಗಳ ಕೈ ಥರ್ಮಾಮೀಟರಿಗೆ ಸಮ ಎನ್ನುವುದು ನಿಜ. ಆದರೆ ಆ ಕೈಗಳು ಈಗ ವಿರಳ. ಕೆಲವು ಆಲೆಮನೆಗಳನ್ನು ಉತ್ತರ ಪ್ರದೇಶ, ಬಿಹಾರದಿಂದ ಬಂದ ತಂಡಗಳೇ ನಡೆಸುತ್ತವೆ. ನಿಮ್ಮ ಇಲಾಖೆಯ ಸೂಚನಾ ಫಲಕಗಳು ಹಿಂದಿಯಲ್ಲೂ ಇರದಿದ್ದರೆ ಕೊಪ್ಪರಿಗೆಯ ಮುಂದೆ ನಿಂತವನಿಗೆ ಅವು ತಲುಪುವುದಿಲ್ಲ.

ಹೀಗೆ ಗದ್ದೆಯಿಂದ ಕೊಪ್ಪರಿಗೆವರೆಗೆ ಹತ್ತು ಕಡೆ ಆದ ಅಜಾಗರೂಕತೆಯನ್ನು ಕೊನೆಯ ಹತ್ತು ನಿಮಿಷದಲ್ಲಿ ತೊಳೆದುಬಿಡುವ ವಸ್ತು ಹೈಡ್ರೋಸ್. ಅದು ಸೋಡಿಯಂ ಹೈಡ್ರೋಸಲ್ಫೈಟ್, ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗಳಲ್ಲಿ ಬಳಸುವ ರಾಸಾಯನಿಕ. ಪಾಕಕ್ಕೆ ಬಿದ್ದ ಕೂಡಲೇ ಕಂದು ಬಣ್ಣದ ಅಣುಗಳ ಸ್ವರೂಪ ಬದಲಾಗಿ ಅವು ತಾತ್ಕಾಲಿಕವಾಗಿ ಬಣ್ಣ ಕಳೆದುಕೊಳ್ಳುತ್ತವೆ. ತಾತ್ಕಾಲಿಕ ಎಂಬುದನ್ನು ಗಮನಿಸಿ. ಗಾಳಿ, ತೇವ ತಾಗಿದಂತೆ ಬಣ್ಣ ಮರಳುತ್ತದೆ. ಮಂಡಿಯಲ್ಲಿ ಹಳದಿಯಾಗಿದ್ದ ಅಚ್ಚು ಮಳೆಗಾಲದಲ್ಲಿ ಅಂಗಡಿಯ ಡಬ್ಬದಲ್ಲಿ ಕಪ್ಪಾಗಿ ಬೆವರುವುದು ಇದರಿಂದಲೇ. ನಷ್ಟ ಅಷ್ಟೊತ್ತಿಗೆ ಕಿರಾಣಿಯವನದು, ಗ್ರಾಹಕನದು. ಹರಾಜಿನ ಹಣ ಎಂದೋ ಕೈಸೇರಿರುತ್ತದೆ.

ಬೆಲ್ಲದಲ್ಲಿ ಉಳಿಯುವುದು ಸಲ್ಫರ್ ಡೈಆಕ್ಸೈಡ್. ಆಹಾರ ಸುರಕ್ಷತಾ ನಿಯಮಾವಳಿಯ ಮಿತಿ ಕೆ.ಜಿ.ಗೆ 70 ಮಿ.ಗ್ರಾಂ. ಭಾರತೀಯ ಮಾನಕ ಬ್ಯೂರೋದ ಬೆಲ್ಲದ ಮಾನಕದಲ್ಲಿ ಇನ್ನೂ ಬಿಗಿ, 50. ಈಗ ಲೆಕ್ಕ ಹಾಕೋಣ. ಒಂದು ಗ್ರಾಂ ಶುದ್ಧ ಹೈಡ್ರೋಸ್‌ನಿಂದ ಹೆಚ್ಚೆಂದರೆ ಮುಕ್ಕಾಲು ಗ್ರಾಂನಷ್ಟು ಸಲ್ಫರ್ ಡೈಆಕ್ಸೈಡ್ ಹುಟ್ಟಬಲ್ಲದು. 100 ಕೆ.ಜಿ. ಬೆಲ್ಲ ಇಳಿಯುವ ಪಾಕಕ್ಕೆ 50 ಗ್ರಾಂ, ಅಂದರೆ ಒಂದು ಮುಷ್ಟಿ, ಹಾಕಿದರೆಂದುಕೊಳ್ಳಿ. ಅಷ್ಟೂ ಬೆಲ್ಲದಲ್ಲೇ ಉಳಿದರೆ ಕೆ.ಜಿ.ಗೆ 370 ಮಿ.ಗ್ರಾಂ. ಬಹುಪಾಲು ಆವಿಯಾಗಿ ಹೋಗುತ್ತದೆ, ನಿಜ. ಆದರೆ ಐದರಲ್ಲಿ ಒಂದು ಪಾಲು ಉಳಿದರೂ 74, ಮಿತಿ ದಾಟಿತು. ಎಷ್ಟು ಹಾರಿಹೋಗುತ್ತದೆ ಎಂಬುದು ಯಾವಾಗ ಹಾಕಿದರು ಎಂಬುದರ ಮೇಲಿದೆ. ಆರಂಭದಲ್ಲಿ ಹಾಕಿದರೆ ಕುದಿತದಲ್ಲಿ ಹೆಚ್ಚು ಹೋಗುತ್ತದೆ. ಬಣ್ಣ ಚೆನ್ನಾಗಿ ಬರಲೆಂದು ಇಳಿಸುವ ಮುಂಚೆ, ಕೆಲವೊಮ್ಮೆ ತೊಟ್ಟಿಗೆ ಸುರಿದ ಮೇಲೂ ಹಾಕಿದರೆ ಹೋಗಲು ಹೊತ್ತೇ ಇರುವುದಿಲ್ಲ. ಮುಷ್ಟಿಗೆ ತಕ್ಕಡಿ ಇಲ್ಲ ಎಂಬುದೂ ನಿಮಗೆ ಗೊತ್ತು.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಸಂಸ್ಥೆ ಎಫ್‌ಎಒ ಜಂಟಿ ತಜ್ಞ ಸಮಿತಿ ಸಲ್ಫೈಟ್‌ಗೆ (ಸಲ್ಫರ್ ಡೈಆಕ್ಸೈಡ್ ಮತ್ತು ಅದನ್ನು ಬಿಡುವ ಲವಣಗಳಿಗೆ) ಹಾಕಿರುವ ದಿನದ ಮಿತಿ ದೇಹದ ತೂಕದ ಪ್ರತಿ ಕೆ.ಜಿ.ಗೆ 0.7 ಮಿ.ಗ್ರಾಂ. 15 ಕೆ.ಜಿ. ತೂಗುವ ಮಗುವಿಗೆ ದಿನಕ್ಕೆ 10.5 ಮಿ.ಗ್ರಾಂ ಆಯಿತು. 70ರ ಮಿತಿಯೊಳಗಿರುವ ಬೆಲ್ಲವಾದರೆ ಅಷ್ಟಾಗಲು ಆ ಮಗು 150 ಗ್ರಾಂ ತಿನ್ನಬೇಕು, ಯಾವ ಮಗುವೂ ತಿನ್ನುವುದಿಲ್ಲ. 370 ಇರುವ ಬೆಲ್ಲವಾದರೆ 28 ಗ್ರಾಂ ಸಾಕು. ಒಂದು ಲೋಟ ಪಾನಕ, ಎರಡು ತುಂಡು ಕಡಲೆ ಮಿಠಾಯಿಗೆ ಅಷ್ಟಾಗುತ್ತದೆ. ಆಸ್ತಮಾ ಇರುವವರಲ್ಲಿ ಕೆಲವರಿಗೆ ಸಲ್ಫೈಟ್ ಉಸಿರು ಕಟ್ಟಿಸುತ್ತದೆ. ಈ ಕಾರಣಕ್ಕೇ ಕೆ.ಜಿ.ಗೆ 10 ಮಿ.ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸಲ್ಫೈಟ್ ಇರುವ ಪೊಟ್ಟಣದ ಮೇಲೆ ಅದನ್ನು ಅಲರ್ಜಿ ಸೂಚನೆಯಾಗಿ ಬರೆಯಬೇಕೆಂದು 2020ರ ಲೇಬಲಿಂಗ್ ನಿಯಮ ಹೇಳುತ್ತದೆ. ಬೆಲ್ಲ ಬಹುಪಾಲು ಬಿಡಿಯಾಗಿ ಮಾರಾಟವಾಗುವುದರಿಂದ ಆ ನಿಯಮ ಬೆಲ್ಲದ ಹತ್ತಿರವೂ ಸುಳಿಯುವುದಿಲ್ಲ. ಪೊಟ್ಟಣದಲ್ಲಿ 'ಸಾವಯವ' ಎಂದು ಮಾರುವವರಾದರೂ ಬರೆಯುತ್ತಾರೆಯೇ ಎಂದು ನೋಡಿಸಿ.

ಹೈಡ್ರೋಸ್ ಹಿಡಿಯಲು ಶುರುಮಾಡಿದರೆ ಕೆಲವರು ರೊಂಗಲೈಟ್ ಎಂಬ, ಬಣ್ಣ ತೆಗೆಯುವ ಇನ್ನೊಂದು ರಾಸಾಯನಿಕಕ್ಕೆ ಜಾರುತ್ತಾರೆ. ಇದು ಹೆಚ್ಚು ಅಪಾಯದ್ದು. ಬಿಸಿಗೆ ಒಡೆದಾಗ ಸಲ್ಫೈಟ್ ಜೊತೆಗೆ ಫಾರ್ಮಾಲ್ಡಿಹೈಡ್ ಹುಟ್ಟುತ್ತದೆ, ಅದು ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂದು ಖಚಿತವಾಗಿರುವ ವಸ್ತು. ಸಲ್ಫರ್ ಡೈಆಕ್ಸೈಡ್ ಪರೀಕ್ಷೆಯೊಂದನ್ನೇ ಮಾಡಿದರೆ ಫಾರ್ಮಾಲ್ಡಿಹೈಡ್ ಕಾಣುವುದಿಲ್ಲ, ಅದಕ್ಕೆ ಬೇರೆ ಪರೀಕ್ಷೆ ಬರೆಯಬೇಕು. ಮಾದರಿ ಕಳಿಸುವ ಅಧಿಕಾರಿ ಪತ್ರದಲ್ಲಿ ಕೇಳದಿದ್ದರೆ ಪ್ರಯೋಗಾಲಯ ಮಾಡುವುದಿಲ್ಲ. ಇದರ ಜೊತೆಗೆ ಹಳದಿ ಬಣ್ಣದ ಪುಡಿ ಇದೆ. ಬೆಲ್ಲಕ್ಕೆ ಯಾವ ಕೃತಕ ಬಣ್ಣಕ್ಕೂ ಅನುಮತಿ ಇಲ್ಲ, ಐಸ್‌ಕ್ರೀಮ್‌ಗೆ ಒಪ್ಪಿತವಾದ ಟಾರ್ಟ್ರಜಿನ್ ಕೂಡ ಬೆಲ್ಲದಲ್ಲಿ ಇರಕೂಡದು. ಗೊಬ್ಬರದ ಅಂಗಡಿಯ ಸೂಪರ್ ಫಾಸ್ಫೇಟ್ ಹಾಕಿ ಹಾಲು ತಿಳಿ ಮಾಡುವುದು, ಬಟ್ಟೆ ಸೋಡಾ ಹಾಕುವುದು ಇನ್ನೂ ಕೆಲವೆಡೆ ಇದೆ. ತಿಳಿ ಮಾಡಲು ಅಡುಗೆ ಸೋಡಾ ಬಳಸಿದರೂ ಅದು ಆಹಾರ ದರ್ಜೆಯದೇ ಆಗಿರಬೇಕೆಂದು ನಿಯಮವಿದೆ. ಗೊಬ್ಬರ ಆಹಾರ ದರ್ಜೆಯದಲ್ಲ, ಅದರಲ್ಲಿ ಕ್ಯಾಡ್ಮಿಯಂನಂಥ ಭಾರ ಲೋಹಗಳು ಇರಬಹುದು.

ಸಕ್ಕರೆ ಬೆರಕೆ ಮಾತ್ರ ಬೇರೆಯೇ ಜಾತಿಯ ಸಮಸ್ಯೆ. ಹಾಳಾದ ಅಥವಾ ಅಗ್ಗದ ಸಕ್ಕರೆ ಸುರಿದರೆ ಬೆಲ್ಲ ಬೆಳ್ಳಗೂ ಗಟ್ಟಿಯಾಗಿಯೂ ಬರುತ್ತದೆ, ಹಳಸಿದ ಕಬ್ಬಿನಿಂದಲೂ ಅಚ್ಚು ನಿಲ್ಲುತ್ತದೆ. ವಿಷವಲ್ಲ, ಆದರೆ ಮೋಸ: ಬೆಲ್ಲವೆಂದರೆ ಕಬ್ಬಿನ ರಸ ಕಾಸಿ ತೆಗೆದದ್ದು. ತೊಂದರೆಯೇನೆಂದರೆ ಆಹಾರ ಸುರಕ್ಷತಾ ನಿಯಮಾವಳಿಯ ಮಾನಕ ಇದನ್ನು ಹಿಡಿಯುವುದಿಲ್ಲ. ಒಟ್ಟು ಸಕ್ಕರೆ ಕನಿಷ್ಠ ಶೇ 90, ಸುಕ್ರೋಸ್ ಕನಿಷ್ಠ ಶೇ 60, ಬೂದಿ (ಸುಟ್ಟಾಗ ಉಳಿಯುವ ಖನಿಜಾಂಶ) ಗರಿಷ್ಠ ಶೇ 6 ಎಂದಿದೆ. ಸಕ್ಕರೆ ಸೇರಿಸಿದಷ್ಟೂ ಈ ಮೂರೂ ಅಂಕಿಗಳಲ್ಲಿ ಬೆಲ್ಲ 'ಉತ್ತಮ'ವಾಗುತ್ತದೆ! ಜೇನಿನಲ್ಲಿ ಕಬ್ಬಿನ ಸಕ್ಕರೆ ಹಿಡಿಯುವ ಇಂಗಾಲದ ಐಸೊಟೋಪ್ ಪರೀಕ್ಷೆಯೂ ಇಲ್ಲಿ ನಿರುಪಯುಕ್ತ, ಬೆಲ್ಲ, ಸಕ್ಕರೆ ಎರಡೂ ಅದೇ ಕಬ್ಬಿನವು. ಉಳಿದಿರುವ ದಾರಿ ಖನಿಜಾಂಶ. ಸಕ್ಕರೆಯಲ್ಲಿ ಬೂದಿ ಇಲ್ಲವೆನ್ನುವಷ್ಟು ಕಡಿಮೆ. ಅರ್ಧಕ್ಕರ್ಧ ಬೆರೆಸಿದರೆ ಬೆಲ್ಲದ ಬೂದಿ ಸರಿಸುಮಾರು ಅರ್ಧಕ್ಕೆ ಇಳಿಯುತ್ತದೆ, ನೀರಿನಲ್ಲಿ ಕರಗಿಸಿ ವಿದ್ಯುತ್ ವಾಹಕತೆ ಅಳೆದರೂ ಗೊತ್ತಾಗುತ್ತದೆ. ಆದರೆ ಚೌಳು ಗದ್ದೆಯ ಕಬ್ಬಿನ ಬೆಲ್ಲದಲ್ಲಿ ಬೂದಿ ಸಹಜವಾಗಿಯೇ ಹೆಚ್ಚು. ಅಲ್ಲಿ ಬೆರಕೆ ಅಡಗಿಕೊಳ್ಳುತ್ತದೆ. ಹಾಗಾಗಿ ಇಡೀ ದೇಶಕ್ಕೆ ಒಂದು ಅಂಕಿ ಹಾಕಿದರೆ ಆಗದು. ಮಂಡ್ಯದ ವಿ.ಸಿ. ಫಾರ್ಮ್ ಕೃಷಿ ಸಂಶೋಧನಾ ಕೇಂದ್ರ ಮತ್ತು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಗೆ ಕೆಲಸ ವಹಿಸಿ, ಕೋ 62175, ಕೋ 86032ರಂಥ ತಳಿಗಳಿಂದ, ಬೇರೆ ಬೇರೆ ಮಣ್ಣಿನಿಂದ, ತಜ್ಞರ ಕಣ್ಣೆದುರೇ ಕಾಸಿದ ಶುದ್ಧ ಬೆಲ್ಲದ ಅಂಕಿಗಳನ್ನು ಒಂದು ಹಂಗಾಮಿನಲ್ಲಿ ಕಲೆಹಾಕಿಸಿ. ಆ ಅಂಕಿಗಳಿಲ್ಲದೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರಕ್ಕೆ ಮಾನಕ ಬದಲಿಸಿ ಎಂದು ಬರೆದರೆ ಯಾರೂ ಒಪ್ಪುವುದಿಲ್ಲ.

ಮಾನಕದಲ್ಲಿ ಇನ್ನೊಂದು ಸಂದಿಯಿದೆ. ಹೈಡ್ರೋಸ್ ಆಹಾರಕ್ಕೆ ಒಪ್ಪಿತವಾದ ಸಲ್ಫೈಟ್‌ಗಳ ಪಟ್ಟಿಯಲ್ಲಿಲ್ಲ. ಆದರೆ ಪ್ರಯೋಗಾಲಯ ಅಳೆಯುವುದು ಉಳಿಕೆಯನ್ನು, ಅದರ ಮೂಲವನ್ನಲ್ಲ. ವರದಿಯಲ್ಲಿ 60 ಬಂದರೆ ಹಾಕಬಾರದ್ದನ್ನು ಹಾಕಿದ್ದರೂ ಬೆಲ್ಲ ಪಾಸು. ಆದ್ದರಿಂದ ಬೆಲ್ಲದ ಮಾದರಿಯ ಜೊತೆಗೆ ಆಲೆಮನೆಯಲ್ಲಿ, ಸುತ್ತಲ ಗೋದಾಮಿನಲ್ಲಿ ಏನೇನು ಸಿಕ್ಕಿತೆಂಬ ಮಹಜರು ಇರಲೇಬೇಕು.

ಇಲ್ಲಿ ಕಾಯ್ದೆಯ ಕಲಂ 57ರ ಕಡೆ ನಿಮ್ಮ ಗಮನ ಸೆಳೆಯುತ್ತೇವೆ. ಕಲಬೆರಕೆಗೆ ಬಳಸುವ ವಸ್ತುವನ್ನು ತಯಾರಿಸುವ, ದಾಸ್ತಾನಿಡುವ, ಮಾರುವ, ಹಂಚುವ ಯಾರಿಗಾದರೂ ಆ ಕಲಂ ಅನ್ವಯಿಸುತ್ತದೆ. ಆರೋಗ್ಯಕ್ಕೆ ಹಾನಿಕರವಲ್ಲದ ಕಲಬೆರಕೆಗೆ 2 ಲಕ್ಷದವರೆಗೆ, ಹಾನಿಕರವಾದುದಕ್ಕೆ 10 ಲಕ್ಷದವರೆಗೆ ದಂಡ. ಬಣ್ಣದ ಕಾರ್ಖಾನೆಯೇ ಇಲ್ಲದ ಊರಿನ ಅಂಗಡಿ ಡಬ್ಬಗಟ್ಟಲೆ ಹೈಡ್ರೋಸ್ ತರಿಸುತ್ತಿದ್ದರೆ ಅದು ಯಾವ ಬಟ್ಟೆಗೆ ಎಂದು ಕೇಳುವ ಅಧಿಕಾರ ನಿಮ್ಮ ಅಧಿಕಾರಿಗಿದೆ. ಜವಳಿಗೆ ನ್ಯಾಯವಾಗಿ ಬೇಕಾದ ರಾಸಾಯನಿಕವಾದ್ದರಿಂದ ಸಾರಾಸಗಟು ನಿಷೇಧ ಸಾಧ್ಯವಿಲ್ಲ, ಬೇಕಾಗಿಯೂ ಇಲ್ಲ. ಮಂಡ್ಯ, ಬೆಳಗಾವಿ, ಬಾಗಲಕೋಟೆಯಂಥ ಬೆಲ್ಲದ ಜಿಲ್ಲೆಗಳಲ್ಲಿ ಹೈಡ್ರೋಸ್, ರೊಂಗಲೈಟ್ ಎರಡರ ಚಿಲ್ಲರೆ ಮಾರಾಟಕ್ಕೂ ಖರೀದಿದಾರನ ಹೆಸರು, ಉದ್ದೇಶ, ಪ್ರಮಾಣ ಬರೆಯುವ ಪುಸ್ತಕ ಇಡಿಸಿ. ಜಿಎಸ್‌ಟಿ ಬಿಲ್ಲುಗಳ ಜೊತೆ ತಾಳೆ ನೋಡಿದರೆ ಸರಕು ಎಲ್ಲಿ ಹೋಗಿ ನಿಲ್ಲುತ್ತದೆಂದು ಒಂದೇ ತಿಂಗಳಲ್ಲಿ ಕಾಣುತ್ತದೆ.

ಮಂಡಿಗೆ ಮರಳೋಣ. ಇಂದು ನಾಲ್ಕು ಆಲೆಮನೆಗಳ ಬೆಲ್ಲ ವರ್ತಕನ ಮಳಿಗೆಯಲ್ಲಿ ಒಂದೇ ರಾಶಿಯಾಗುತ್ತದೆ. ಅಲ್ಲಿಂದಾಚೆ ಯಾರದ್ದು ಯಾವುದು ಎಂದು ದೇವರೇ ಹೇಳಬೇಕು. ಕಲಂ 26ರ ಪ್ರಕಾರ ಆಹಾರ ಉದ್ದಿಮೆದಾರ ಮತ್ತೊಬ್ಬ ಮಾರಾಟಗಾರನಿಗೆ ಸರಕು ಕೊಡುವಾಗ ಲಿಖಿತ ಖಾತರಿ ಕೊಡಬೇಕು, ಬಿಲ್ಲು ಕೊಟ್ಟರೆ ಅದೇ ಖಾತರಿ. ಬಿಲ್ಲಿನ ಮೇಲೆ 14 ಅಂಕಿಯ ನೋಂದಣಿ ಸಂಖ್ಯೆ ಇರಬೇಕೆಂಬ ಆದೇಶ 2022ರ ಜನವರಿ 1ರಿಂದ ಜಾರಿಯಲ್ಲಿದೆ. ಬೆಲ್ಲ ರೈತನ ಕೈಯಲ್ಲಿರುವ ಕಚ್ಚಾ ಬೆಳೆಯಲ್ಲ, ಸಂಸ್ಕರಿಸಿದ ಆಹಾರ. ಆದ್ದರಿಂದ ಆಲೆಮನೆಗೆ ನೋಂದಣಿ ಕಡ್ಡಾಯ. ಎಪಿಎಂಸಿ ಗೇಟಿನಲ್ಲಿ ಚೀಟಿ ಬರೆಯುವಾಗಲೇ ಆಲೆಮನೆಯ ಸಂಖ್ಯೆ, ಕಾಸಿದ ದಿನಾಂಕ, ಮೂಟೆಗಳ ಎಣಿಕೆ ಬರೆಸಿ, ಆ ಚೀಟಿ ಹರಾಜು ಮುಗಿದ ಮೇಲೂ ಲಾಟಿನ ಜೊತೆಗೇ ಹೋಗಬೇಕೆಂದು ಆದೇಶಿಸಿ. ಸಂಖ್ಯೆ ಇಲ್ಲದ ಮೂಟೆ ಹರಾಜಿಗಿಲ್ಲ. ಇದಕ್ಕೆ ಯಂತ್ರ ಬೇಡ, ಪೆನ್ನು ಸಾಕು. ಒಂದು ಲಾಟಿನ ಮಾದರಿ ಅಸುರಕ್ಷಿತವೆಂದು ಬಂದರೆ ಇಡೀ ಲಾಟನ್ನು ಹಾಗೆಂದೇ ಭಾವಿಸಲು ಕಲಂ 26 ಅವಕಾಶ ಕೊಡುತ್ತದೆ. ಆದರೆ ಲಾಟು ಯಾವುದೆಂದು ಗುರುತಿದ್ದರೆ ತಾನೇ ಆ ಅವಕಾಶಕ್ಕೆ ಅರ್ಥ?

ಪರೀಕ್ಷೆಯ ವಿಷಯದಲ್ಲಿ ಎರಡು ದಾರಿಗಳನ್ನು ಬೇರೆಬೇರೆ ಇಡಿ. ಕಾನೂನು ಮಾದರಿ ಒಂದು: ನಾಲ್ಕು ಭಾಗ ಮಾಡಿ, ಮೊಹರು ಹಾಕಿ, ಒಂದನ್ನು ಆಹಾರ ವಿಶ್ಲೇಷಕರಿಗೆ, ಎರಡನ್ನು ಅಂಕಿತ ಅಧಿಕಾರಿಗೆ ಕಳಿಸುವುದು, ಉದ್ದಿಮೆದಾರ ಕೇಳಿದರೆ ನಾಲ್ಕನೆಯದು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ. ವಿಶ್ಲೇಷಕರ ವರದಿಗೆ 14 ದಿನ, ಅದರ ವಿರುದ್ಧ ಮೇಲ್ಮನವಿಗೆ 30 ದಿನ. ಬೆಲ್ಲ ಅಷ್ಟರಲ್ಲಿ ಯಾರದೋ ಮನೆಯ ಹೋಳಿಗೆಯ ಹೂರಣವಾಗಿ ಕರಗಿಹೋಗಿರುತ್ತದೆ. ಶಿಕ್ಷೆಗೆ ಈ ದಾರಿ ಬೇಕು, ತಡೆಗೆ ಇದು ಸಾಲದು. ತಡೆಗೆ ಮಂಡಿಯ ಆವರಣದಲ್ಲೇ ಒಂದು ಸಣ್ಣ ಕೋಣೆ, ಒಬ್ಬ ತಂತ್ರಜ್ಞ, ಸಲ್ಫೈಟ್ ಪರೀಕ್ಷಿಸುವ ಕಾಗದದ ಪಟ್ಟಿಗಳು ಮತ್ತು ಒಂದು ಮೋನಿಯರ್-ವಿಲಿಯಮ್ಸ್ ಬಟ್ಟಿ ಇಳಿಸುವ ಜೋಡಣೆ ಬೇಕು. ಪಟ್ಟಿಯಿಂದ ಅನುಮಾನ ಬಂದ ಲಾಟನ್ನು ಮಾತ್ರ ಜೋಡಣೆಗೆ ಹಾಕುವುದು: ಬೆಲ್ಲವನ್ನು ಆಮ್ಲದಲ್ಲಿ ಕುದಿಸಿ, ಹೊರಟ ಅನಿಲವನ್ನು ನೈಟ್ರೋಜನ್‌ನಿಂದ ಹೈಡ್ರೋಜನ್ ಪೆರಾಕ್ಸೈಡ್‌ಗೆ ತಳ್ಳಿ, ಉಂಟಾದ ಆಮ್ಲವನ್ನು ಅಳೆಯುವುದು. ಎರಡು ಗಂಟೆಯಲ್ಲಿ ಅಂಕಿ ಕೈಗೆ ಬರುತ್ತದೆ, ಹರಾಜಿನ ದಿನವೇ. ಪಟ್ಟಿಯೊಂದನ್ನೇ ನಂಬಿ ದಂಡ ಹಾಕಬೇಡಿ, ಅದು ಜರಡಿ ಮಾತ್ರ. ಅಯೋಡಿನ್ ಹನಿಹನಿಯಾಗಿ ಬಿಟ್ಟು ಅಳೆಯುವ ನೇರ ಟೈಟ್ರೇಷನ್ ಸುಲಭವೆಂದು ಅದಕ್ಕೂ ಹೋಗಬೇಡಿ. ಬೆಲ್ಲದ ಇತರ ವಸ್ತುಗಳೂ ಅಯೋಡಿನ್ ತಿನ್ನುತ್ತವೆ, ಕಂದು ದ್ರಾವಣದಲ್ಲಿ ಬಣ್ಣ ತಿರುಗುವುದೂ ಕಾಣುವುದಿಲ್ಲ. ಮಾದರಿಯನ್ನು ಅಚ್ಚಿನ ಒಳಗಿನಿಂದ ಕೆತ್ತಿ ತೆಗೆದು ತಕ್ಷಣ ಬಿಗಿ ಮುಚ್ಚಳದ ಬಾಟಲಿಗೆ ಹಾಕಬೇಕು. ಪುಡಿಮಾಡಿ ಕಾಗದದ ಪೊಟ್ಟಣದಲ್ಲಿ ಕಳಿಸಿದರೆ ಪ್ರಯೋಗಾಲಯ ತಲುಪುವಷ್ಟರಲ್ಲಿ ಸಲ್ಫರ್ ಡೈಆಕ್ಸೈಡ್ ಒಂದಷ್ಟು ಹಾರಿಹೋಗಿ, ಕೆಟ್ಟ ಬೆಲ್ಲಕ್ಕೆ ಒಳ್ಳೆಯ ಸರ್ಟಿಫಿಕೇಟ್ ಸಿಗುತ್ತದೆ.

ಆ ದಿನದ ಫಲಿತಾಂಶವನ್ನು ಹರಾಜು ಕಟ್ಟೆಯ ಬೋರ್ಡಿನಲ್ಲಿ ಲಾಟಿನ ಸಂಖ್ಯೆಯ ಎದುರು ಬರೆಯಿರಿ. '20ಕ್ಕಿಂತ ಕಡಿಮೆ', '70ರೊಳಗೆ', 'ತಡೆಹಿಡಿದಿದೆ' ಎಂಬ ಮೂರು ಕಾಲಂ ಸಾಕು. ಕಂದು ಬೆಲ್ಲ ತಂದವನಿಗೆ ತನ್ನ ಬೆಲ್ಲ ಮೊದಲ ಕಾಲಂನಲ್ಲಿದೆ ಎಂದು ತೋರಿಸಿ ದರ ಕೇಳುವ ಹಕ್ಕು ಮೊದಲ ಬಾರಿಗೆ ಸಿಗುತ್ತದೆ. ಎಪಿಎಂಸಿಯ ದರ ಪಟ್ಟಿಯಲ್ಲೂ ಆಕಾರದ ಜೊತೆಗೆ ಈ ವರ್ಗ ಬರಲಿ. ಸರ್ಕಾರವೇ ದೊಡ್ಡ ಗ್ರಾಹಕ ಎಂಬುದನ್ನೂ ಮರೆಯಬಾರದು. ಅಂಗನವಾಡಿ, ಹಾಸ್ಟೆಲ್, ದೇವಸ್ಥಾನಗಳ ದಾಸೋಹಕ್ಕೆ ಬೆಲ್ಲ ಕೊಳ್ಳುವ ಟೆಂಡರುಗಳಲ್ಲಿ 'ತಿಳಿ ಹಳದಿ', 'ಚಿನ್ನದ ಬಣ್ಣ' ಎಂಬ ಷರತ್ತುಗಳಿದ್ದರೆ ಅವನ್ನು ತೆಗೆಸಿ, ಆ ಜಾಗದಲ್ಲಿ ಸಲ್ಫರ್ ಡೈಆಕ್ಸೈಡ್ ಮಿತಿ, ತೇವಾಂಶ, ನೀರಿನಲ್ಲಿ ಕರಗದ ಕಸದ ಪ್ರಮಾಣ ಬರೆಸಿ.

ಆಲೆಮನೆಗಳ ಮೇಲೆ ಕ್ರಮ ಬೇಡ ಎನ್ನುತ್ತಿಲ್ಲ. ಕಲಂ 32ರ ಸುಧಾರಣಾ ನೋಟಿಸ್ ಇರುವುದೇ ಇಂಥದ್ದಕ್ಕೆ. ಕನಿಷ್ಠ 14 ದಿನ ಕಾಲಾವಕಾಶ ಕೊಟ್ಟು ಏನು ಬದಲಾಗಬೇಕೆಂದು ಬರೆದು ಕೊಡಿ: ಪಿಎಚ್ ಪಟ್ಟಿ, ಥರ್ಮಾಮೀಟರ್, ದಿನಕ್ಕೆರಡು ಬಾರಿ ಬಿಸಿನೀರಿನಲ್ಲಿ ಗಾಣ ತೊಳೆಯುವುದು, ಹಾಲು ಸೋಸಲು ಎರಡು ಪದರ ಜಾಲರಿ, ನೊಣ ಬಾರದಂತೆ ತೊಟ್ಟಿಗೆ ಮುಚ್ಚಿಗೆ. ಉರುವಲನ್ನೂ ನೋಡಿ. ಹಳೆಯ ಒಲೆಗಳು ಶಾಖ ಪೋಲು ಮಾಡುವುದರಿಂದ, ಮಳೆಗಾಲದಲ್ಲಿ ರಚ್ಚು (ಹಾಲು ಹಿಂಡಿದ ಕಬ್ಬಿನ ಸಿಪ್ಪೆ) ನೆನೆಯುವುದರಿಂದ ಟೈರು, ಪ್ಲಾಸ್ಟಿಕ್ ಸುಡುವವರಿದ್ದಾರೆ. ಆ ಹೊಗೆ ಊರಿಗೂ ಬೆಲ್ಲಕ್ಕೂ ಸೇರುತ್ತದೆ. ಒಲೆ ಸರಿಪಡಿಸದೆ ಟೈರು ಬೇಡವೆಂದರೆ ನಡೆಯದು. 'ಒಂದು ಜಿಲ್ಲೆ ಒಂದು ಉತ್ಪನ್ನ' ಕಾರ್ಯಕ್ರಮದಲ್ಲಿ ಮಂಡ್ಯಕ್ಕೆ ಬೆಲ್ಲವೇ ಇದೆ. ಕಿರು ಆಹಾರ ಉದ್ದಿಮೆ ಯೋಜನೆಯಲ್ಲಿ ವೆಚ್ಚದ ಮೇಲೆ ಕೇಂದ್ರದ ಶೇ 35ಕ್ಕೆ ರಾಜ್ಯ ಶೇ 15 ಸೇರಿಸಿ 15 ಲಕ್ಷದವರೆಗೆ ಸಹಾಯಧನ ಕೊಡುತ್ತಿದೆ. ಹೊಸ ಒಲೆ, ಸ್ಟೀಲ್ ಕೊಪ್ಪರಿಗೆಗೆ ಅದನ್ನು ಬಳಸಬಹುದೆಂದು ನೋಟಿಸಿನ ಹಿಂಬದಿಯಲ್ಲೇ ಅಚ್ಚು ಹಾಕಿಸಿ. ನೋಟಿಸಿನ ಮೇಲೂ ಪೌಡರ್ ಸಿಕ್ಕಿದರೆ ಪರವಾನಗಿ ಅಮಾನತು, ಅಸುರಕ್ಷಿತ ಆಹಾರಕ್ಕೆ ಶಿಕ್ಷೆ ಹೇಳುವ ಕಲಂ 59. ಆಗ ಯಾರೂ ಮರುಗುವುದಿಲ್ಲ.

ಗ್ರಾಹಕರಿಗೆ ಹೇಳಬೇಕಾದ್ದನ್ನೂ ಇಲಾಖೆಯೇ ಹೇಳಲಿ, ವಾಟ್ಸ್ಆ್ಯಪ್‌ಗೆ ಬಿಡುವುದು ಬೇಡ. ಬಿಸಿ ಹಾಲಿಗೆ ಬೆಲ್ಲ ಹಾಕಿದಾಗ ಒಡೆದರೆ ರಾಸಾಯನಿಕವಿದೆ ಎಂಬ ವಿಡಿಯೊ ಎಲ್ಲೆಡೆ ಓಡಾಡುತ್ತದೆ. ಹಾಲು ಒಡೆಯಲು ಬೆಲ್ಲದ ಹುಳಿ ಸಾಕು, ಹಳಸಿದ ಕಬ್ಬಿನ ಶುದ್ಧ ಬೆಲ್ಲದಲ್ಲೂ ಒಡೆಯಬಹುದು. ಹೈಡ್ರೋಸ್ ಬೆಲ್ಲದಲ್ಲಿ ಒಡೆಯದೆಯೂ ಇರಬಹುದು. ಕಪ್ಪು ಬೆಲ್ಲವೆಲ್ಲ ಸಾವಯವ ಎಂಬುದು ಇನ್ನೊಂದು ಭ್ರಮೆ. ಸೀದ ಪಾಕ, ತುಕ್ಕಿನ ಕೊಪ್ಪರಿಗೆ, ಮೂರು ದಿನದ ಕಬ್ಬು, ಇವೂ ಕಪ್ಪು ಬಣ್ಣವನ್ನೇ ಕೊಡುತ್ತವೆ. ಹಳದಿಗೆ ಕೊಡುತ್ತಿದ್ದ ಹೆಚ್ಚಿನ ದರವನ್ನು ಕಪ್ಪಿಗೆ ಕೊಡತೊಡಗಿದರೆ ಕಪ್ಪು ಮಾಡುವ ಪುಡಿಯೂ ಬರುತ್ತದೆ, ಅನುಮಾನ ಬೇಡ. ಮನೆಯಲ್ಲಿ ಮಾಡಬಹುದಾದದ್ದು ಸ್ವಲ್ಪವೇ: ಬಿಸಿನೀರಿನಲ್ಲಿ ಕರಗಿಸಿ ತಳದಲ್ಲಿ ಉಳಿಯುವ ಮಣ್ಣು, ಸುಣ್ಣ ನೋಡುವುದು, ಬಿಸಿ ದ್ರಾವಣದಲ್ಲಿ ಬೆಂಕಿಕಡ್ಡಿ ಗೀರಿದಂಥ ಘಾಟು ಬರುತ್ತದೆಯೇ ಎಂದು ಮೂಸುವುದು. ಉಳಿದದ್ದು ಪ್ರಯೋಗಾಲಯದ ಕೆಲಸ. ಕಲಂ 40ರಡಿ ಯಾವ ಖರೀದಿದಾರನಾದರೂ ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಎಲ್ಲಿ ಕೊಡಬೇಕು, ಎಷ್ಟು ಕೊಡಬೇಕು, ಶುಲ್ಕವೆಷ್ಟು ಎಂಬ ಕನ್ನಡದ ಒಂದು ಪುಟ ಪ್ರತಿ ತಾಲ್ಲೂಕು ಕಚೇರಿಯಲ್ಲಿ ಇರಬೇಕು.

ಗೇಟಿನ ಚೀಟಿ ಮತ್ತು ಹರಾಜು ಕಟ್ಟೆಯ ಬೋರ್ಡು, ಈ ಎರಡರಿಂದ ಶುರುಮಾಡಿ, ಮೊದಲು ಮಂಡ್ಯ ಒಂದೇ ಮಂಡಿಯಲ್ಲಿ. ಆದೇಶದ ಕರಡನ್ನು ಜಾರಿಗೆ ಮುನ್ನ ಕನ್ನಡದಲ್ಲಿ ಎಪಿಎಂಸಿ ನೋಟಿಸ್ ಬೋರ್ಡಿಗೆ ಹಾಕಿಸಿ, ಆಲೆಮನೆಯವರು, ದಲಾಲರು, ವರ್ತಕರಿಂದ ಆಕ್ಷೇಪಣೆ ಕೇಳಿ. ಹೆಚ್ಚಿನ ಆಕ್ಷೇಪಣೆ ಬೋರ್ಡಿನ ಬಗ್ಗೆಯೇ ಬರುತ್ತದೆ. ಅದನ್ನು ಮಾತ್ರ ಕೈಬಿಡಬೇಡಿ.

ಇಂತಿ,
ಮಂಡ್ಯ ಸೀಮೆಯ ಕಬ್ಬು ಬೇಸಾಯ, ಆಲೆಮನೆ ಕಸುಬು ಮತ್ತು ಆಹಾರ ಪರೀಕ್ಷೆಯಲ್ಲಿ ತೊಡಗಿರುವ ಕೆಲವರು